ಫೈಬರ್ ಎಂಬ ಹೆಸರಿದ್ದರೆ ಸಾಕೆ?

ಹಾಸನ ಜಿಲ್ಲೆಯ ಬೇಲೂರು, ಹಳೇಬೀಡಿನ ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 2023ರ ಸೆಪ್ಟೆಂಬರ್ 18ರಂದು. ಮರುದಿನವೇ ಬೆಂಗಳೂರು ಸೇರಿ ಎಂಟು ಮಹಾನಗರಗಳಲ್ಲಿ ಜಿಯೋ ಏರ್‌ಫೈಬರ್ ಇಂಟರ್ನೆಟ್ ಸೇವೆ ಶುರುವಾಯಿತು. ಪ್ರವಾಸಿಗರನ್ನು ನಂಬಿದ ಹೋಮ್‌ಸ್ಟೇಗೆ, ಅರಸೀಕೆರೆಯ ತೆಂಗಿನಕಾಯಿ ವ್ಯಾಪಾರಿಗೆ, ಮನೆಯಿಂದಲೇ ಕೆಲಸ ಮಾಡುವವರಿಗೆ ಒಳ್ಳೆಯ ನೆಟ್ ಈಗ ಬೇಕೇ ಬೇಕು. ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್, ಊರಿನ ಕೇಬಲ್‌ನವರು ಎಲ್ಲರ ಬಾಯಲ್ಲೂ ಫೈಬರ್. ಜನ ಎಡವುವುದು ಆ ಹೆಸರಿನಲ್ಲೇ.

ಏರ್‌ಫೈಬರ್‌ನಲ್ಲಿ ಮನೆಯವರೆಗೆ ಗಾಜಿನೆಳೆ ಬರುವುದಿಲ್ಲ. ಟವರ್‌ನ 5ಜಿ ಸಿಗ್ನಲ್ ಅನ್ನು ಚಾವಣಿಯ ಮೇಲಿನ ಆಂಟೆನಾ ಹಿಡಿಯುತ್ತದೆ. ಕೇಬಲ್ ಎಳೆಯಲಾಗದ ಬೇಲೂರು ಕಡೆಯ ಕಾಫಿ ತೋಟದ ಮನೆಗೆ ಅದು ನಿಜಕ್ಕೂ ಉಪಕಾರಿ. ಆದರೆ ಟವರ್ ದೂರವಿದ್ದರೆ, ನಡುವೆ ಮರಗಳಿದ್ದರೆ ವೇಗ ಇಳಿಯುತ್ತದೆ. ಅಸಲಿ ಫೈಬರ್ ಗುರುತಿಸುವುದು ಸುಲಭ: ಹಸಿರು ಇಲ್ಲವೆ ನೀಲಿ ತುದಿಯ ತೆಳು ತಂತಿಯೊಂದು ಗೋಡೆಯ ಪೆಟ್ಟಿಗೆಗೆ ಸಿಕ್ಕಿಸಿರುತ್ತದೆ. ಆ ಪೆಟ್ಟಿಗೆಯ ಮೇಲೆ ‘ಪಾನ್’ ದೀಪ ಉರಿಯುತ್ತಿರಬೇಕು. ‘ಲಾಸ್’ ದೀಪ ಕೆಂಪಾಯಿತೆಂದರೆ ಬೆಳಕು ಮನೆಗೆ ತಲುಪುತ್ತಿಲ್ಲ ಎಂದರ್ಥ, ಎಳೆ ಎಲ್ಲೋ ತುಂಡಾಗಿರಬಹುದು. ಇಟಲಿಯಲ್ಲಿ 2018ರಿಂದ ಜಾಹೀರಾತಿಗೇ ಬಣ್ಣದ ಗುರುತು ಕಡ್ಡಾಯ. ಮನೆ ಇಲ್ಲವೆ ಕಟ್ಟಡದವರೆಗೂ ಫೈಬರ್ ಇದ್ದರೆ ಮಾತ್ರ ಹಸಿರು. ನಮ್ಮಲ್ಲೂ ಅಂಥದ್ದು ಬರಬೇಕು.

‘ನಮ್ಮದೇ ಅತಿ ವೇಗ’ ಎಂಬ ಮಾತಿಗೂ ಇತಿಹಾಸವಿದೆ. ವೇಗ ಅಳೆಯುವ ಊಕ್ಲಾ ಸಂಸ್ಥೆಯ ಪರೀಕ್ಷೆ ತೋರಿಸಿ ಏರ್‌ಟೆಲ್ ತನ್ನ ಮೊಬೈಲ್ ನೆಟ್‌ವರ್ಕ್ ಅಧಿಕೃತವಾಗಿ ದೇಶದಲ್ಲೇ ವೇಗದ್ದು ಎಂದಾಗ ಜಿಯೋ ದೂರು ಕೊಟ್ಟಿತು. 2017ರಲ್ಲಿ ಜಾಹೀರಾತು ಮಾನದಂಡ ಮಂಡಳಿ ಆ ಜಾಹೀರಾತನ್ನು ಹಿಂಪಡೆಯಲು ಇಲ್ಲವೆ ತಿದ್ದಲು ಹೇಳಿತು.

100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಎಂಬಿ ಇಳಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅಲ್ಲ. ಅದು ಬಿಟ್‌ಗಳ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಸಿಗುವುದು ಹೆಚ್ಚೆಂದರೆ 12.5 ಎಂಬಿ, ಒಂದು ಜಿಬಿಯ ಸಿನಿಮಾಕ್ಕೆ 80 ಸೆಕೆಂಡ್. ಮೇಲಾಗಿ ಸಾಮಾನ್ಯ ಜಿಪಾನ್ ವ್ಯವಸ್ಥೆಯಲ್ಲಿ ಒಂದೇ ಎಳೆಯ 2.5 ಗಿಗಾಬಿಟ್ ಅನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಇದು ಮೋಸವಲ್ಲ, ಎಲ್ಲರೂ ಒಟ್ಟಿಗೆ ಬಳಸುವುದಿಲ್ಲ. ಆದರೂ ರಾತ್ರಿ ಊಟದ ಹೊತ್ತಿಗೆ ನೆಟ್ ನಿಧಾನವಾದರೆ ಇದೂ ಒಂದು ಕಾರಣವಿರಬಹುದು. ಬೈಯುವ ಮೊದಲು ಲ್ಯಾಪ್‌ಟಾಪನ್ನು ರೂಟರ್‌ಗೆ ತಂತಿಯಲ್ಲಿ ಜೋಡಿಸಿ ಪರೀಕ್ಷಿಸಬೇಕು. ಹಳೆ ಮನೆಗಳ ದಪ್ಪ ಗೋಡೆ ವೈಫೈಯನ್ನು ಅರ್ಧಕ್ಕರ್ಧ ನುಂಗುತ್ತದೆ.

‘ಅನ್‌ಲಿಮಿಟೆಡ್’ಗೂ ಮಿತಿಯಿದೆ. ಹಲವು ಪ್ಲಾನ್‌ಗಳಲ್ಲಿ ತಿಂಗಳಿಗೆ 3,300 ಜಿಬಿ ದಾಟಿದರೆ ವೇಗ ತಗ್ಗುತ್ತದೆ. ಸಾಮಾನ್ಯ ಮನೆ ಅಷ್ಟು ಬಳಸುವುದು ಅಪರೂಪ. ಜೇಬಿಗೆ ತಟ್ಟುವುದು ಜಿಎಸ್‌ಟಿ: 399 ರೂಪಾಯಿಯ ಪ್ಲಾನ್ ಶೇ 18 ತೆರಿಗೆ ಸೇರಿ 471 ಆಗುತ್ತದೆ.

ಫೈಬರ್‌ಗೆ ಕರೆಂಟ್ ಬೇಡ ಎನ್ನುವುದು ಅರ್ಧ ಸತ್ಯ. ಗಾಜಿಗೆ ಬೇಡ, ನಡುವೆ ಬೆಳಕನ್ನು ಮನೆಗಳಿಗೆ ಹಂಚುವ ಸ್ಪ್ಲಿಟರ್‌ಗೂ ಬೇಡ. ಎರಡೂ ತುದಿಯ ಪೆಟ್ಟಿಗೆಗಳಿಗೆ ಬೇಕು. ಮನೆಯದಕ್ಕೆ ಸಣ್ಣ ಯುಪಿಎಸ್ ಸಾಕು. ಕಂಬದಿಂದ ಕಂಬಕ್ಕೆ ತೂಗುವ ಕೇಬಲ್ ಮಳೆಗಾಲದಲ್ಲಿ ಕೊಂಬೆ ಬಿದ್ದು ತುಂಡಾದರೆ ಯಾವ ಯುಪಿಎಸ್ಸೂ ಕೈಹಿಡಿಯದು. ಆಗ ಲೆಕ್ಕಕ್ಕೆ ಬರುವುದು ಎಳೆ ಬೆಸೆಯುವ ಹುಡುಗ ಎಷ್ಟು ಬೇಗ ಬರುತ್ತಾನೆ ಎಂಬುದು. ಬಿಎಸ್‌ಎನ್‌ಎಲ್ ಕೂಡ ಆದಾಯ ಹಂಚಿಕೆಯ ಮೇಲೆ ಸ್ಥಳೀಯ ಪಾಲುದಾರರ ಮೂಲಕ ಹಲವೆಡೆ ಮನೆಗಳಿಗೆ ಫೈಬರ್ ಕೊಡುತ್ತದೆ. ಆದ್ದರಿಂದ ಅದೇ ಬೀದಿಯಲ್ಲಿ ಆ ಕನೆಕ್ಷನ್ ಇರುವವರನ್ನು ಕೇಳಿ, ಹೋದ ಮಳೆಗಾಲದಲ್ಲಿ ನೆಟ್ ಹೋದಾಗ ರಿಪೇರಿಗೆ ಎಷ್ಟು ದಿನ ಹಿಡಿಯಿತು ಎಂದು. ಪೋಸ್ಟರ್‌ನ ಎಂಬಿಪಿಎಸ್‌ಗಿಂತ ಆ ಉತ್ತರಕ್ಕೆ ಬೆಲೆ ಹೆಚ್ಚು.

ಕೊನೆಯದಾಗಿ, ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಟ್ರಾಯ್‌ಗೆ ಬರೆದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ. ಟ್ರಾಯ್ ಒಬ್ಬೊಬ್ಬರ ದೂರನ್ನು ಇತ್ಯರ್ಥ ಮಾಡುವುದಿಲ್ಲ. ಮೊದಲು ಕಂಪನಿಗೆ ದೂರು ಕೊಟ್ಟು ಡಾಕೆಟ್ ಸಂಖ್ಯೆ ಪಡೆಯಬೇಕು, ಆಮೇಲೆ ಕಂಪನಿಯದೇ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಗ್ರಾಹಕ ನ್ಯಾಯಾಲಯದ ಬಾಗಿಲೂ ತೆರೆದಿದೆ ಎಂದು 2022ರ ಫೆಬ್ರುವರಿಯಲ್ಲಿ ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನಮ್ಮ ಜಿಲ್ಲಾ ಗ್ರಾಹಕ ಆಯೋಗ ಹಾಸನದಲ್ಲೇ ಇದೆ. ಬಿಲ್ಲು, ಡಾಕೆಟ್ ಸಂಖ್ಯೆ, ಸ್ಪೀಡ್ ಪರೀಕ್ಷೆಯ ಸ್ಕ್ರೀನ್‌ಶಾಟ್ ಜೋಪಾನವಾಗಿಟ್ಟುಕೊಳ್ಳಿ.