ಕೌದಿ ಹೊಲಿಗೆಯ ಮೊದಲ ಪಾಠ

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಕೌದಿಯನ್ನು ಅರಿಯದ ಮನೆಯಿಲ್ಲ. ಸವೆದ ಸೀರೆ, ಧೋತರ, ಕುಪ್ಪಸಗಳನ್ನು ಪದರು ಪದರಾಗಿ ಹಾಸಿ, ಕೈಯಿಂದಲೇ ಹೊಲಿದು ಸಿದ್ಧಪಡಿಸಿದ ಹೊದಿಕೆಗೆ ಈ ಹೆಸರು. ಎಳೆಗೂಸನ್ನು ಮಲಗಿಸುವುದೂ ಇದರ ಮೇಲೆ, ಮಾಗಿಯ ಚಳಿಗೆ ವೃದ್ಧರು ಹೊದೆಯುವುದೂ ಇದನ್ನೇ. ಆದರೆ ಹೊದೆಯುವವರಿರುವಷ್ಟು ಹೊಲಿಯಬಲ್ಲವರು ಇಂದು ಉಳಿದಿಲ್ಲ. ಗಿರಣಿಯ ಹೊದಿಕೆಗಳು ಸುಲಭವಾಗಿ ದೊರೆಯುವಂತಾದ ಮೇಲೆ ಈ ವಿದ್ಯೆ ಅಜ್ಜಿಯರ ಕೈಯಲ್ಲಿಯೇ ನಿಲ್ಲತೊಡಗಿದೆ.

ಇದು ನಮ್ಮ ಸೀಮೆಗಷ್ಟೇ ಸೀಮಿತವಾದುದಲ್ಲ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಸ್ತ್ರೀಯರು ಹೊಲಿಯುವ 'ಕವಂದಿ' ಇಂದು ದೂರದ ದೇಶಗಳಲ್ಲಿಯೂ ಮನ್ನಣೆ ಪಡೆದಿದೆ. ಬಂಗಾಳದ ಕಾಂಥಾ ಕೂಡ ಹಳೆಯ ಬಟ್ಟೆಯಿಂದಲೇ ಹುಟ್ಟಿದ ಕಲೆ.

ಕಲಿಯಬಯಸುವವರು ಮೊದಲಿಗೇ ದೊಡ್ಡ ಕೌದಿಗೆ ಕೈಹಾಕಬಾರದು. ಒಂದು ಮೊಳ ಉದ್ದ, ಒಂದು ಮೊಳ ಅಗಲದ ತುಂಡೇ ಸಾಕು. ಬಟ್ಟೆ ಹತ್ತಿಯದಾಗಿರಬೇಕು. ಹತ್ತಿ ಬೆವರನ್ನು ಹೀರುತ್ತದೆ, ಸೂಜಿಗೆ ಎಡೆಗೊಡುತ್ತದೆ. ನೈಲಾನು, ಪಾಲಿಯೆಸ್ಟರುಗಳಾದರೋ ಜಾರುತ್ತವೆ, ಪದರುಗಳು ಒಂದರೊಡನೊಂದು ಕೂಡಿ ನಿಲ್ಲುವುದಿಲ್ಲ. ಬಟ್ಟೆಯನ್ನು ಒಗೆದು ಒಣಗಿಸಿ, ಗಂಜಿಯ ಬಿರುಸು ಹೋಗಿರುವುದನ್ನು ನೋಡಿಕೊಳ್ಳತಕ್ಕದ್ದು.

ಬಳಿಕ ಸಮನಾದ ನೆಲದ ಮೇಲೆ ಮೂರು ನಾಲ್ಕು ಪದರು ಹಾಸಿ, ನಡುವಿನಿಂದ ಅಂಚಿನೆಡೆಗೆ ಅಂಗೈಯಿಂದ ಸವರಿ ಸುಕ್ಕು ತೆಗೆಯಬೇಕು. ಬಣ್ಣದ ತುಂಡುಗಳನ್ನು ಮೇಲ್ಪದರಿನ ಮೇಲೆ ಜೋಡಿಸಿ, ಅಂಚುಗಳನ್ನು ಒಳಕ್ಕೆ ಮಡಚಿ, ಉದ್ದುದ್ದ ಕಚ್ಚಾ ಹೊಲಿಗೆಯಿಂದ ಎಲ್ಲವನ್ನೂ ಬಿಗಿಯಬೇಕು. ಈ ಹಂತದಲ್ಲಿ ಅವಸರಪಟ್ಟವರ ಕೌದಿ ನಡುವೆ ಉಬ್ಬುತ್ತದೆ.

ಹೊಲಿಗೆಗೆ ದಪ್ಪ ಸೂಜಿ, ಗಟ್ಟಿ ಹತ್ತಿಯ ದಾರ ಬೇಕು. ದಾರ ಒಂದು ತೋಳಿನ ಉದ್ದವನ್ನು ಮೀರಿದರೆ ಸಿಕ್ಕುಗಟ್ಟುತ್ತದೆ. ಗಂಟನ್ನು ಪದರುಗಳ ನಡುವೆ ಅಡಗಿಸಿ, ಅಂಚಿನಿಂದ ಆರಂಭಿಸಿ, ಸುತ್ತು ಸುತ್ತಾಗಿ ಒಳಗೆ ಸಾಗಬೇಕು. ಒಂದೊಂದು ಹೊಲಿಗೆ ಜೋಳದ ಕಾಳಿನಷ್ಟಿರಲಿ. ಸಾಲಿನಿಂದ ಸಾಲಿಗೆ ಒಂದು ಬೆರಳಗಲದ ಅಂತರವಿರಲಿ. ದಾರವನ್ನು ಬಿಗಿಯಾಗಿ ಜಗ್ಗಿದರೆ ಬಟ್ಟೆ ಮುದುಡುತ್ತದೆ, ಸಡಿಲ ಬಿಟ್ಟರೆ ಕಾಲ್ಬೆರಳಿಗೆ ತೊಡರಿ ಹರಿಯುತ್ತದೆ. ಈ ಸಾಲುಗಳು ಬರಿಯ ಅಲಂಕಾರವಲ್ಲ. ಪದರುಗಳು ಸರಿದುಹೋಗದಂತೆ ಅವು ಹಿಡಿದಿಡುತ್ತವೆ; ಪದರುಗಳ ನಡುವೆ ನಿಂತ ಗಾಳಿಯೇ ಮೈಯನ್ನು ಬೆಚ್ಚಗಿಡುತ್ತದೆ. ಕೊನೆಯ ಸುತ್ತು ನಡುವಿನಲ್ಲಿ ಮುಗಿದ ಮೇಲೆ ಕಚ್ಚಾ ಹೊಲಿಗೆಯನ್ನು ಬಿಚ್ಚಬಹುದು.

ಇಷ್ಟನ್ನು ಅಕ್ಷರದಲ್ಲಿ ಹೇಳಬಹುದು. ದಾರವನ್ನು ಎಷ್ಟು ಎಳೆಯಬೇಕೆಂಬುದನ್ನು ಮಾತ್ರ ಬಲ್ಲವರ ಪಕ್ಕದಲ್ಲಿ ಕುಳಿತೇ ಕಲಿಯಬೇಕು. ಆದುದರಿಂದ ಶಾಲೆಯ ಕೈಗೆಲಸದ ಅವಧಿಗೆ ಊರಿನ ಹಿರಿಯ ತಾಯಂದಿರನ್ನು ಗುರುಗಳಾಗಿ ಬರಮಾಡಿಕೊಳ್ಳುವುದು ಯೋಗ್ಯ. ಗಂಡುಮಕ್ಕಳೂ ಸೂಜಿ ಹಿಡಿದರೆ ಕುಂದೇನೂ ಇಲ್ಲ. ಇದಕ್ಕೆ ಕಟ್ಟಡ ಬೇಡ, ಯಂತ್ರ ಬೇಡ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ತಮ್ಮ ಮನೆಯ ಪೆಟ್ಟಿಗೆಯಲ್ಲಿ ಮಡಚಿಟ್ಟ ಒಂದೊಂದು ಹಳೆಯ ಹತ್ತಿಯ ಸೀರೆಯನ್ನು ಕೊಟ್ಟರೆ ಸಾಕು. ಒಂದು ತರಗತಿಯ ಪಾಠ ಅಷ್ಟರಿಂದಲೇ ನಡೆಯುತ್ತದೆ.