ಔಷಧ ಹೊತ್ತೊಯ್ಯುವ ಕೊಬ್ಬಿನ ಕಣ

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪಠ್ಯದಲ್ಲಿ ಜೀನ್ ಚಿಕಿತ್ಸೆಯ ಬಗ್ಗೆ ಒಂದು ಸಣ್ಣ ಭಾಗವಿದೆ. 1990ರಲ್ಲಿ ಎಡಿಎ ಕೊರತೆಯಿದ್ದ ನಾಲ್ಕು ವರ್ಷದ ಬಾಲಕಿಗೆ ಮೊದಲ ಚಿಕಿತ್ಸೆ ನಡೆಯಿತು, ಜೀನನ್ನು ಒಯ್ಯಲು ರೆಟ್ರೊವೈರಸ್ ಬಳಸುತ್ತಾರೆ ಎಂದು ಅಲ್ಲಿದೆ. ಅದನ್ನು ಓದಿದಾಗ ನನಗೊಂದು ಸಂಶಯ ಬಂತು. ವೈರಸ್ಸೇ ಏಕೆ ಬೇಕು? ಜೀನನ್ನು ನೇರವಾಗಿ ಇಂಜೆಕ್ಷನ್‌ನಲ್ಲಿ ಕೊಟ್ಟರೆ ಆಗದೇ? ಸರ್ ಹತ್ತಿರ ಕೇಳಿದಾಗ, "ಓದಿ ತಿಳಿದುಕೊಂಡು ನೀನೇ ಬರೆದುಕೊಡು" ಎಂದರು.

ನೇರವಾಗಿ ಕೊಟ್ಟರೆ ಆಗದು. ರಕ್ತದಲ್ಲಿರುವ ಕಿಣ್ವಗಳು ಬರಿಯ ಆರ್‌ಎನ್‌ಎಯನ್ನು ಬೇಗನೆ ತುಂಡರಿಸುತ್ತವೆ. ಉಳಿದದ್ದೂ ಜೀವಕೋಶದೊಳಗೆ ಹೋಗುವುದು ಕಷ್ಟ. ಡಿಎನ್‌ಎ, ಆರ್‌ಎನ್‌ಎ ಎರಡಕ್ಕೂ ಋಣಾವೇಶವಿದೆ, ಕೋಶದ ಹೊರಮೈಗೂ ಋಣಾವೇಶವಿದೆ. ಒಳನುಗ್ಗುವ ವಿದ್ಯೆ ವೈರಸ್ಸಿಗೆ ಗೊತ್ತು. ಹಾಗಾಗಿ ಅದರ ರೋಗಕಾರಕ ಗುಣವನ್ನು ತೆಗೆದು ವಾಹಕವಾಗಿ ಬಳಸಿದರು.

ಆದರೆ ದೇಹ ವೈರಸ್ಸನ್ನು ಶತ್ರುವೆಂದೇ ಕಾಣುತ್ತದೆ. ಅಮೆರಿಕದ ಜೆಸ್ಸಿ ಗೆಲ್ಸಿಂಗರ್‌ಗೆ ಒಟಿಸಿ ಎಂಬ ಯಕೃತ್ತಿನ ಕಿಣ್ವದ ಕೊರತೆಯಿತ್ತು. ಈ ಕೊರತೆಯಿದ್ದರೆ ರಕ್ತದಲ್ಲಿ ಅಮೋನಿಯಾ ಏರುತ್ತದೆ. ಪಥ್ಯ ಮತ್ತು ಔಷಧದಿಂದ ಅವನ ಕಾಯಿಲೆ ಹತೋಟಿಯಲ್ಲಿತ್ತು. ಆದರೂ ಮುಂದೆ ಇಂಥ ಶಿಶುಗಳಿಗೆ ನೆರವಾಗಲಿ ಎಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಯೋಗಕ್ಕೆ ಸೇರಿದ. 1999ರ ಸೆಪ್ಟೆಂಬರಿನಲ್ಲಿ ಅಡಿನೋವೈರಸ್ ಮೂಲಕ ಜೀನ್ ಕೊಟ್ಟಾಗ ರೋಗನಿರೋಧಕ ವ್ಯವಸ್ಥೆ ತೀವ್ರವಾಗಿ ಪ್ರತಿಕ್ರಿಯಿಸಿತು. ನಾಲ್ಕು ದಿನಗಳಲ್ಲಿ ಅವನು ತೀರಿಕೊಂಡ. ಅವನಿಗೆ ಆಗ 18 ವರ್ಷ, ಹೆಚ್ಚುಕಡಿಮೆ ನಮ್ಮದೇ ವಯಸ್ಸು.

ವೈರಸ್ಸಿಗೆ ಬದಲಾಗಿ ಬಂದ ವಾಹಕಗಳಲ್ಲಿ ಮುಖ್ಯವಾದದ್ದು ಲಿಪಿಡ್ ನ್ಯಾನೋಕಣ. ಇದು ಸುಮಾರು 100 ನ್ಯಾನೋಮೀಟರ್ ಅಗಲದ ಕೊಬ್ಬಿನ ಉಂಡೆ. ಇದರಲ್ಲಿ ಕೊಲೆಸ್ಟರಾಲ್, ಫಾಸ್ಫೋಲಿಪಿಡ್, ಪಿಇಜಿ ಸೇರಿಸಿದ ಲಿಪಿಡ್ ಇರುತ್ತವೆ. ಮುಖ್ಯ ಕೆಲಸ ಮಾಡುವುದು ನಾಲ್ಕನೆಯದು, ಆವೇಶ ಬದಲಿಸಬಲ್ಲ ಲಿಪಿಡ್. ಪ್ರಸಿದ್ಧವಾದ ಇಂಥ ಒಂದು ಲಿಪಿಡ್‌ನ ಪಿಕೆಎ ಸುಮಾರು 6.4.

"ಪಿಕೆಎ ಕಲಿತು ಏನು ಪ್ರಯೋಜನ?" ಎಂದು ಕೇಳುವ ಗೆಳೆಯರು ಇಲ್ಲಿ ಗಮನಿಸಬೇಕು. ಕಣವನ್ನು ತಯಾರಿಸುವುದು ಆಮ್ಲೀಯ ದ್ರಾವಣದಲ್ಲಿ. ಅಲ್ಲಿ ಈ ಲಿಪಿಡ್‌ಗೆ ಧನಾವೇಶ ಬಂದು ಆರ್‌ಎನ್‌ಎಯನ್ನು ಹಿಡಿದುಕೊಳ್ಳುತ್ತದೆ. ರಕ್ತದ ಪಿಎಚ್ 7.4. ಅಲ್ಲಿ ಅದು ಬಹುಪಾಲು ತಟಸ್ಥವಾಗಿರುವುದರಿಂದ ಹಾನಿ ಕಡಿಮೆ. ರಕ್ತದಲ್ಲಿರುವ ಎಪಿಒಇ ಪ್ರೋಟೀನ್ ಕಣಕ್ಕೆ ಅಂಟಿಕೊಳ್ಳುತ್ತದೆ. ಯಕೃತ್ತಿನ ಕೋಶ ಅದನ್ನು ಗುರುತಿಸಿ ಕಣವನ್ನು ಒಂದು ಚೀಲದಲ್ಲಿ, ಅಂದರೆ ಎಂಡೋಸೋಮ್‌ನಲ್ಲಿ, ಒಳಗೆಳೆದುಕೊಳ್ಳುತ್ತದೆ. ಆ ಚೀಲ ಕ್ರಮೇಣ ಆಮ್ಲೀಯವಾಗುತ್ತದೆ. ಲಿಪಿಡ್‌ಗೆ ಮತ್ತೆ ಧನಾವೇಶ ಬಂದು ಚೀಲದ ಪೊರೆಯನ್ನು ಕದಡುತ್ತದೆ, ಆರ್‌ಎನ್‌ಎ ಹೊರಬರುತ್ತದೆ.

ಈ ವಿಧಾನದ ಮೊದಲ ಆರ್‌ಎನ್‌ಎ ಔಷಧ ಪ್ಯಾಟಿಸಿರಾನ್‌ಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳೂ ಇಂಥ ಕಣಗಳಲ್ಲೇ ಬಂದವು.

2025ರಲ್ಲಿ, ಗೆಲ್ಸಿಂಗರ್ ತೀರಿಕೊಂಡ ಅದೇ ಫಿಲಡೆಲ್ಫಿಯಾ ನಗರದಲ್ಲಿ, ಸಿಪಿಎಸ್1 ಕೊರತೆಯಿದ್ದ ಒಂದು ಶಿಶುವಿಗೆ ಚಿಕಿತ್ಸೆ ನಡೆಯಿತು. ಇದೂ ಅಮೋನಿಯಾ ಏರುವ ಕಾಯಿಲೆಯೇ. ಆ ಮಗುವಿನ ಜೀನಿನಲ್ಲಿದ್ದ ದೋಷಕ್ಕೆಂದೇ ರೂಪಿಸಿದ ಜೀನ್ ತಿದ್ದುವ ಔಷಧವನ್ನು ಲಿಪಿಡ್ ಕಣಗಳಲ್ಲಿ ತುಂಬಿ ಮೂರು ಬಾರಿ ಕೊಟ್ಟರು. ವೈರಸ್ ವಾಹಕವಾಗಿದ್ದರೆ ಮೊದಲ ಡೋಸ್‌ಗೇ ಪ್ರತಿಕಾಯಗಳು ಹುಟ್ಟಿ, ಮತ್ತೆ ಕೊಡುವುದು ಕಷ್ಟವಾಗುತ್ತಿತ್ತು. ಮಗು ಹೆಚ್ಚು ಪ್ರೋಟೀನ್ ಜೀರ್ಣಿಸಿಕೊಳ್ಳತೊಡಗಿತು, ಮನೆಗೂ ಹೋಯಿತು. ಪೂರ್ಣ ಗುಣವಾಯಿತು ಎಂದು ವೈದ್ಯರು ಹೇಳಿಲ್ಲ. ಮುಂದೆಯೂ ತಪಾಸಣೆ ಬೇಕು.

ಕೊರತೆಗಳು ಇನ್ನೂ ಇವೆ. ರಕ್ತಕ್ಕೆ ಕೊಟ್ಟ ಕಣಗಳು ಹೆಚ್ಚಾಗಿ ಯಕೃತ್ತಿಗೇ ಹೋಗುತ್ತವೆ. ಮಿದುಳು, ಹೃದಯ, ಸ್ನಾಯುಗಳನ್ನು ತಲುಪಿಸುವುದು ಕಷ್ಟ. ಒಂದು ಪ್ರಯೋಗದಲ್ಲಿ ಎಂಡೋಸೋಮ್‌ನಿಂದ ಹೊರಬಂದ ಆರ್‌ಎನ್‌ಎ ಕೇವಲ ಶೇ. 1ರಿಂದ 2ರಷ್ಟು. ಇದನ್ನು ಸರಿಪಡಿಸಲು ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವಶಾಸ್ತ್ರ ಮೂರೂ ಬಲ್ಲವರು ಬೇಕು. ಇನ್‌ಶಾ ಅಲ್ಲಾಹ್, ಅವರಲ್ಲಿ ಒಬ್ಬರು ನಮ್ಮ ಕಾಲೇಜಿನವರೂ ಆಗಿರಲಿ.