ಜನ ಸೇರುವ ಮೊದಲು ಓಡುವ ತಂತ್ರಾಂಶ ಇರಲಿ

ಪ್ರಶ್ನೆ: ಸಂಬಳವಿಲ್ಲದ ಸ್ವಯಂಸೇವಕರು ಸೇರಿ ಫೈರ್‌ವಾಲ್ ಹೊಂದಿಸುವ ಮುಕ್ತ ತಂತ್ರಾಂಶ ಕಟ್ಟಬಹುದೇ? ಶುರು ಮಾಡುವುದು ಹೇಗೆ?

ಉತ್ತರ: ಖಂಡಿತ ಕಟ್ಟಬಹುದು. ಆದರೆ ಸಭೆ ಕರೆದು ಶುರು ಮಾಡಬೇಡಿ. ಮ್ಯಾನುಯೆಲ್ ಕಾಸ್ಪರ್ 2003ರಲ್ಲಿ ‘ಮೊನೊವಾಲ್’ ಎಂಬ ಮುಕ್ತ ಫೈರ್‌ವಾಲ್ ತಂತ್ರಾಂಶ ಹೊರತಂದಾಗ ಅದು ಚಿಕ್ಕದಾಗಿತ್ತು, ಆದರೆ ಕೆಲಸ ಮಾಡುತ್ತಿತ್ತು. ಬ್ರೌಸರ್ ತೆರೆದು ನಿಯಮ ಬರೆದರೆ ಸಾಕು, ಎಲ್ಲ ಹೊಂದಿಕೆಗಳೂ ಒಂದೇ ಎಕ್ಸ್‌ಎಂಎಲ್ ಕಡತದಲ್ಲಿ ಕೂರುತ್ತಿದ್ದವು. ಅದರಿಂದಲೇ 2004ರಲ್ಲಿ ಪಿಎಫ್‌ಸೆನ್ಸ್ ಕವಲೊಡೆಯಿತು, ಅದರಿಂದ 2015ರಲ್ಲಿ ಓಪನ್‌ಸೆನ್ಸ್. ಅದೇ ವರ್ಷ ಕಾಸ್ಪರ್ ತಮ್ಮ ಯೋಜನೆ ನಿಲ್ಲಿಸಿ, ಬಳಕೆದಾರರಿಗೆ ಓಪನ್‌ಸೆನ್ಸ್ ನೋಡುವಂತೆ ಹೇಳಿದರು. ಮುಕ್ತ ಪರವಾನಗಿ ಇದ್ದುದರಿಂದಲೇ ಕೆಲಸ ಕೈಯಿಂದ ಕೈಗೆ ದಾಟಿತು. ಪರವಾನಗಿಯನ್ನು ಮೊದಲ ದಿನವೇ ಗೊತ್ತುಮಾಡಿ.

ಬಂದವರಿಗೆ ಸಣ್ಣ, ಮುಗಿಯುವ ಕೆಲಸ ಕೊಡಿ. ಉದಾಹರಣೆಗೆ, ದೂರದ ಸರ್ವರ್‌ನಲ್ಲಿ ನಿಯಮ ಬದಲಿಸುವಾಗ ನಾವು ಒಳಬರುವ 22ನೇ ಪೋರ್ಟ್ ಮುಚ್ಚಿಹೋದರೆ ಬಾಗಿಲು ಹಾಕಿಕೊಂಡು ನಾವೇ ಹೊರಗುಳಿದಂತೆ. ಲಿನಕ್ಸ್‌ನ ‘ಐಪಿಟೇಬಲ್ಸ್-ಅಪ್ಲೈ’ ಹೊಸ ನಿಯಮ ಹಾಕಿ, ಸಂಪರ್ಕ ಉಳಿದಿದೆಯೇ ಎಂದು ಕೇಳುತ್ತದೆ. ಕೆಲವು ಸೆಕೆಂಡುಗಳಲ್ಲಿ ಉತ್ತರ ಬರದಿದ್ದರೆ ಹಳೆಯ ನಿಯಮಕ್ಕೇ ಮರಳುತ್ತದೆ. ಇಂಥದ್ದೊಂದು ಸೌಲಭ್ಯವನ್ನು ಇಬ್ಬರು ಸೇರಿ ಬರೆದು ಪರೀಕ್ಷಿಸಬಹುದು. ಕೋಡ್ ಬಾರದವರಿಗೂ ಕೆಲಸವಿದೆ: ಕೈಪಿಡಿ, ಕನ್ನಡ ಅನುವಾದ, ದೋಷಗಳ ವರದಿ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಇದು ಕಾವಲಿನ ತಂತ್ರಾಂಶ. ಎಷ್ಟೇ ಹಳಬರು ಬರೆದಿದ್ದರೂ, ಇನ್ನೊಬ್ಬರು ಓದದೆ ಒಂದು ಸಾಲೂ ಒಳಗೆ ಹೋಗಕೂಡದು.